ಒಂದು ಚಿಟಿಕೆ ಪಟಿಕ

ಆ ದಿನ ಬೆಳಿಗ್ಗೆ ಅವಳು ಗಂಡನ ಮೇಲೆ ರೇಗಿದಳು. ರೇಗುವಂಥದ್ದೇನೂ ಆಗಿರಲಿಲ್ಲ. ಲೋಟದಲ್ಲಿ ಅರ್ಧ ಕಷಾಯ ಬಿಟ್ಟಿದ್ದ, ಅಷ್ಟೆ.

ಎಂದೂ ಬಿಟ್ಟವನಲ್ಲ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅರಿಶಿನ, ಒಂದೆಲಗ, ಕಾಳುಮೆಣಸು ಕುದಿಸಿ ಸೋಸಿ, ಜೇನುತುಪ್ಪ ಬೆರೆಸಿ ಕೈಗಿಟ್ಟರೆ ತಳ ಕಾಣುವ ತನಕ ಕುಡಿದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಲೋಟವನ್ನು ಬೋರಲು ಹಾಕುತ್ತಿದ್ದ. ಆ ದಿನ ಎರಡು ಗುಟುಕು ಕುಡಿದು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಇದು ಹಿಡಿಯಲ್ಲ," ಅಂದ.

"ಏನು ಹಿಡಿಯಲ್ಲ?"

"ಇದು. ಒಂದು ಸಲ ಒಗೆದ್ರೆ ಹೋಗುತ್ತೆ."

"ಬಟ್ಟೆ ಅಲ್ಲರೀ ಅದು, ಕಷಾಯ. ಕುಡೀರಿ ಸುಮ್ನೆ."

"ಯಾರಿಗೆ ಬೇಕಾದ್ರೂ ಕೊಡು. ನಾನು ಹಾಕಿದ ಬಣ್ಣ ಅಂತ ಮಾತ್ರ ಹೇಳಬೇಡ. ನನ್ನ ಹೆಸರು ಕೆಡುತ್ತೆ."

ಅವಳು ಲೋಟ ಕಿತ್ತುಕೊಂಡಳು. "ನಿಮ್ಮ ಹೆಸರು ನಿಮಗೇ ಗೊತ್ತಿಲ್ಲ, ಇನ್ನು ಕೆಡೋದೇನು," ಅಂದಳು. ಉಳಿದದ್ದನ್ನು ಮೋರಿಗೆ ಚೆಲ್ಲಿದಳು.

ಅವನು ನಕ್ಕ. ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರಾಗಬೇಕಾದರೆ ಆಡಿದ ಮಾತು ನೆನಪಿನಲ್ಲಿ ನಿಲ್ಲಬೇಕಲ್ಲ.

ಆ ಕೊನೆಯ ತಿಂಗಳುಗಳಲ್ಲಿ ಅವನ ಮಾತೆಲ್ಲ ಹಾಗೇ ಇತ್ತು. ಹಾಲು ಉಕ್ಕಿದರೆ, "ಉರಿ ತೆಗಿ, ಕಂದಾಗುತ್ತೆ." ದಿಂಬಿನ ಚೀಲ ಕಂಡರೆ, "ಇದನ್ನ ನೆರಳಲ್ಲಿ ಒಣಗಿಸಬೇಕಿತ್ತು." ಒಂದು ಸಲ ಅವಳ ನರೆತ ಕೂದಲು ಮುಟ್ಟಿ, "ಎಷ್ಟು ಚೆನ್ನಾಗಿ ಬಿಳಿ ಮಾಡಿದಾರೆ, ಯಾರ ಕೈಕೆಲಸ?" ಅಂತ ಕೇಳಿದ್ದ. "ನಿಮ್ಮದೇ," ಅಂದಿದ್ದಳು. ಹೀಗಾಗಿ ಹಿಡಿಯಲ್ಲ ಅಂದದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ಮಾತಿನಲ್ಲಿ ಅದೂ ಒಂದು.

ಉಳಿದ ದಿನ ದಿನದ ಹಾಗೇ ಹೋಯಿತು. ಹಿತ್ತಿಲ ಬಣ್ಣದ ಕೋಣೆಯಲ್ಲಿ ಅವನು ಮೂರು ಕಾಲಿನ ಮಣೆಯ ಮೇಲೆ ಕೂತು ಚಿಂದಿ ಬಟ್ಟೆ ಮಡಿಸಿದ, ಬಿಚ್ಚಿದ, ಮಡಿಸಿದ. ಅವಳು ನೂಲಿನ ಲಡಿಗಳನ್ನು ಜಾಲಿಸಿದಳು. ಸಂಜೆ ಉಂಡ. ಮಲಗುವಾಗ ಕಾಲು ತಣ್ಣಗಿದೆ ಎಂದ. ಅವಳು ಕಾಲಿಗೆ ಹಳೆಯ ಸೀರೆ ಸುತ್ತಿದಳು.

ಬೆಳಿಗ್ಗೆ ಅವನು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಎಪ್ಪತ್ತೊಂದು ವರ್ಷ ಅವನಿಗೆ. ಅವಳು ಅವನಿಗೆ ಆಡಿದ ಮಾತುಗಳಲ್ಲಿ ನೆಟ್ಟಗೆ ನೆನಪಿನಲ್ಲಿ ಉಳಿದ ಕೊನೆಯ ಮಾತೆಂದರೆ ಆ ಹೆಸರಿನ ಮಾತು. ಆಮೇಲೂ ಉಣ್ಣಿ, ಮಲಗಿ, ಹೊದ್ದುಕೊಳ್ಳಿ ಎಂದೆಲ್ಲ ಹೇಳಿದ್ದಳು. ಅವು ಯಾವುವೂ ಲೆಕ್ಕಕ್ಕೆ ಬರಲಿಲ್ಲ.

ಬೀದಿಯವರಿಗೆ ಅವನು ನೀಲಿಗೈ. ಗಿಡ, ಬೇರು, ತೊಗಟೆಗಳಿಂದ ಬಣ್ಣ ತೆಗೆದು ಬಟ್ಟೆಗೆ, ನೂಲಿಗೆ ಹಾಕುವುದು ಅವನ ಕಸುಬು. ಮಣಿಕಟ್ಟಿನ ತನಕ ಕೈ ನೀಲಿ. ಸೋಪು, ಹುಣಸೆಹಣ್ಣು, ಕಲ್ಲು, ಯಾವುದರಿಂದ ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆಯ ಹೊಸತರಲ್ಲಿ ಅವಳಿಗೆ ಆ ಕೈ ಕಂಡರೆ ಒಂಥರಾ ಆಗುತ್ತಿತ್ತು. ಯಾರೋ ಬೇರೆಯವರ ಕೈ ತಂದು ಅಂಟಿಸಿಕೊಂಡ ಹಾಗೆ. ನಲವತ್ತನಾಲ್ಕು ವರ್ಷದಲ್ಲಿ ಅವಳ ಕೈಯೂ ಅದೇ ಆಯಿತು. ಆಮೇಲೆ ಒಂಥರಾ ಆಗುವುದು ನಿಂತಿತು.

ನೇಕಾರರು ನೂಲು ತರುತ್ತಿದ್ದರು. ಪರದೆ ಹೊಲಿಯುವವರು ಬಟ್ಟೆಯ ಥಾನು ತರುತ್ತಿದ್ದರು. ನಾಟಕದವರು ಹಳೆಯ ಅಂಗಿ ತಂದು, ರಾಜನಿಗೆ ಒಪ್ಪುವ ಹಾಗೆ ಮಾಡಿಕೊಡಿ ಎನ್ನುತ್ತಿದ್ದರು. ಒಂದು ಎಳೆ ತೋರಿಸಿದರೆ ಸಾಕು, ಆರು ತಿಂಗಳು ಬಿಟ್ಟು ಬಂದರೂ ಅದೇ ಬಣ್ಣ ತೆಗೆದು ಕೊಡುತ್ತಿದ್ದ. ಬರೆದಿಡುತ್ತಿರಲಿಲ್ಲ. "ಬರೆದಿಟ್ಟದ್ದನ್ನ ಇಲಿ ತಿನ್ನುತ್ತೆ. ಇದನ್ನ ಯಾವ ಇಲಿ ತಿನ್ನುತ್ತೆ?" ಎಂದು ತಲೆ ಮುಟ್ಟಿ ತೋರಿಸುತ್ತಿದ್ದ. ಆ ಇಲಿ ಆಮೇಲೆ ಬಂತು.

ಕೆಲಸದ ವಿಷಯದಲ್ಲಿ ಮಾತ್ರ ಕಟುಕ. ಮಂಜಿಷ್ಠದ ಬೇರನ್ನು ಕೆಂಪಿಗೆ ಹಾಕುವಾಗ ಅವಳು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ನೀರು ಗುಳುಗುಳು ಅಂದರೆ ಮುಗಿಯಿತು. "ಕುದಿಸಿದ್ರೆ ಕಂದಾಗುತ್ತೆ ಅಂತ ಎಷ್ಟು ಸಲ ಹೇಳಿದೀನಿ! ಬೇರು ನಿನ್ನ ಬೇಳೆ ಅಲ್ಲ ಕಣೇ!" "ಬೇಳೆ ಆಗಿದ್ರೆ ಇಷ್ಟು ಹೊತ್ತಿಗೆ ಉಂಡು ಏಳ್ತಿದ್ರಿ," ಅನ್ನುತ್ತಿದ್ದಳು ಅವಳು. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಇಬ್ಬರ ಕೆಲಸ ಬೇರೆ ಬೇರೆ. ಬೇರು ಕುಟ್ಟುವುದು, ಸೋಸುವುದು, ಒಗೆಯುವುದು, ಒಣಹಾಕುವುದು ಅವಳದು. ಹದ ನೋಡುವುದು ಅವನದು. ನೀಲಿಯ ಗುಡಾಣದ ಹದ, ಪಟಿಕದ ನೀರಿನ ಹದ. ಪಟಿಕವೆಂದರೆ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಬಿಳಿ ಕಲ್ಲು. ಬಣ್ಣಗಾರರಿಗೆ ಅದಿಲ್ಲದೆ ಕೈ ಆಡುವುದಿಲ್ಲ. ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಬೇಕು. ಹಾಗೆ ಮಾಡಿದರೆ ಗಿಡದ ಬಣ್ಣ ಎಳೆಯನ್ನು ಕಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಎಂಥ ಬಣ್ಣವೂ ಒಂದು ಒಗೆತಕ್ಕೆ ಬಿಟ್ಟುಹೋಗುತ್ತದೆ. ನೀಲಿಗೆ ಮಾತ್ರ ಪಟಿಕ ಬೇಡ, ಉಳಿದ ಎಲ್ಲಕ್ಕೂ ಬೇಕು. ಎಷ್ಟು ಹಾಕಬೇಕು ಎನ್ನುವುದಕ್ಕೆ ಅವನ ಬಳಿ ತಕ್ಕಡಿ ಇರಲಿಲ್ಲ. ಬೆರಳು ಅದ್ದಿ ನಾಲಿಗೆಯ ತುದಿಗೆ ಇಟ್ಟುಕೊಳ್ಳುತ್ತಿದ್ದ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒಂದು ಕ್ಷಣ ಕಣ್ಣು ಮುಚ್ಚಿ, ಉಗಿದು, "ಇನ್ನೊಂದು ಹಿಡಿ" ಎನ್ನುತ್ತಿದ್ದ, ಇಲ್ಲವೇ "ಆಯ್ತು" ಎನ್ನುತ್ತಿದ್ದ. ಅವಳು ಒಂದು ದಿನವೂ ನಾಲಿಗೆ ಇಟ್ಟು ನೋಡಿದವಳಲ್ಲ. ಅವನಿರುವಾಗ ಅವಳಿಗೇಕೆ?

ಮಕ್ಕಳಾಗಲಿಲ್ಲ. ನಾದಿನಿಯ ಮಗಳು ಪುಟ್ಟಿ ಅರ್ಧ ಇವರ ಮನೆಯಲ್ಲೇ ಬೆಳೆದಳು. ಓದಿದಳು, ಓದುತ್ತಲೇ ಹೋದಳು. ಕೊನೆಗೆ ಗಿಡಗಳ ಸಾರ ತೆಗೆದು ಮೆದುಳಿನ ಜೀವಕೋಶಗಳ ಮೇಲೆ ಹಾಕಿ ನೋಡುವ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಮುಪ್ಪಿನಲ್ಲಿ ಮೆದುಳು ಸವೆಯುವ ಕಾಯಿಲೆಗಳನ್ನು ಗಿಡದಲ್ಲಿರುವ ಯಾವುದಾದರೂ ಅಂಶ ತಡೆಯುತ್ತದೆಯೇ ಎಂದು ಹುಡುಕುವ ಕೆಲಸ. ಅದನ್ನು ಕೇಳಿ ನೀಲಿಗೈ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಅರಿಶಿನ, ದಾಳಿಂಬೆ ಸಿಪ್ಪೆ, ಚಹಾ ಎಲೆ. ಇವೆಲ್ಲ ನನ್ನ ಹಂಡೇಲಿ ಬಿದ್ದಿರೋವೇ ಅಲ್ವೇನೆ? ನಾನು ಬಟ್ಟೆಗೆ ಹಾಕೋದನ್ನ ನೀನು ಮೆದುಳಿಗೆ ಹಾಕ್ತೀಯಾ?"

"ಹೌದು ಮಾವ. ಗಿಡಕ್ಕೆ ಬಣ್ಣ ಕೊಡೋ ಅಂಶವೇ ನಮಗೂ ಬೇಕಾದದ್ದು, ಎಷ್ಟೋ ಸಲ."

"ಒಗೆದ್ರೆ ಹೋಗಲ್ಲ ತಾನೇ?"

"ಅದೇ ನಮ್ಮ ತಲೆನೋವು," ಅಂದಿದ್ದಳು ಪುಟ್ಟಿ.

ಅವಳು ಒಂದು ದಿನ ಬಾಟಲಿ ಹಿಡಿದುಕೊಂಡು ಬಂದಳು. ದಾಳಿಂಬೆ ಸಿಪ್ಪೆಯ ಸಾರ ಒಂದು ಸಲ ಹಳದಿ ಬರುತ್ತದೆ, ಇನ್ನೊಂದು ಸಲ ಕಪ್ಪು ಬರುತ್ತದೆ, ಯಾಕೆಂದು ಯಾರಿಗೂ ತಿಳಿಯುತ್ತಿಲ್ಲ ಎಂದಳು. ನೀಲಿಗೈ ಬಾಟಲಿಯನ್ನು ಮುಟ್ಟಲೂ ಇಲ್ಲ.

"ಸಿಪ್ಪೆ ಕುಟ್ಟಿದ್ದು ಯಾರು?"

"ಅಂಗಡಿಯವನೇ ಕುಟ್ಟಿ ಕೊಟ್ಟ."

"ಕಬ್ಬಿಣದ ಒರಳಲ್ಲಿ ಕುಟ್ಟಿರ್ತಾನೆ. ಕಬ್ಬಿಣ ಸೋಕಿದ್ರೆ ಸಿಪ್ಪೆ ಮುಖ ಕಪ್ಪು ಮಾಡಿಕೊಳ್ಳುತ್ತೆ. ಇಷ್ಟಕ್ಕೆ ಅಷ್ಟೊಂದು ಓದಬೇಕಿತ್ತೇನೆ?"

ಪುಟ್ಟಿ ಹಣೆ ಚಚ್ಚಿಕೊಂಡಳು. ಅವತ್ತು ಅವನು ರಾತ್ರಿ ಊಟಕ್ಕೆ ಎರಡು ಸಲ ಬಡಿಸಿಕೊಂಡ.

ಅದಾಗಿ ಒಂದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಬಣ್ಣದ ಕೋಣೆಯಿಂದ ಗುಳುಗುಳು ಸದ್ದು ಕೇಳಿಸಿತು. ಅವಳು ಓಡಿ ಹೋಗಿ ನೋಡಿದರೆ ಮಂಜಿಷ್ಠದ ಹಂಡೆ ಕೊತಕೊತ ಕುದಿಯುತ್ತಿದೆ. ನೂಲೆಲ್ಲ ಕಂದು. ಅವನು ಪಕ್ಕದಲ್ಲೇ ಕೋಲು ಹಿಡಿದು ನಿಂತಿದ್ದಾನೆ. ಕುದಿಯುವುದನ್ನೇ ನೋಡುತ್ತಿದ್ದಾನೆ.

"ರೀ, ಉರಿ!"

"ಏನಾಯ್ತು?" ಎಂದ.

ಬೈಯಲು ಸಿಕ್ಕ ಅವಕಾಶವನ್ನು ಅವಳು ಎಂದೂ ಬಿಟ್ಟವಳಲ್ಲ. ಆ ದಿನ ಬಿಟ್ಟಳು. ಸುಮ್ಮನೆ ಉರಿ ಎಳೆದಳು.

ಡಾಕ್ಟರ ಹತ್ತಿರ ಹೋಗಲು ಆರು ತಿಂಗಳು ತಡ ಮಾಡಿದರು. ಹೋದ ಮೇಲೆ, ಹೌದು, ಅದೇ ಮರೆವಿನ ಕಾಯಿಲೆ ಎಂದರು. ಗುಳಿಗೆ ಕೊಟ್ಟರು. ಇದು ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ ಎಂದರು. ನೀಲಿಗೈ ಬಣ್ಣಗಳನ್ನು ಒಂದೊಂದಾಗಿ ಮರೆತ. ಮೊದಲು ಬೂದು, ಆಮೇಲೆ ಜೇನುಬಣ್ಣ, ಆಮೇಲೆ ಹಸಿರು. ಗಿರಾಕಿಗಳ ಮುಖ ಮರೆತ. ಆದರೂ ಪಟಿಕದ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟರೆ "ಇನ್ನೊಂದು ಹಿಡಿ" ಎನ್ನುತ್ತಿದ್ದ. ಅದು ತಪ್ಪುತ್ತಿರಲಿಲ್ಲ. ಹೀಗಾಗಿ ಅಂಗಡಿ ನಡೆಯಿತು. ಕೈ ಅವಳದು, ನಾಲಿಗೆ ಅವನದು.

ಪುಟ್ಟಿ ಒಂದು ದಿನ ಇಬ್ಬರನ್ನೂ ಲ್ಯಾಬಿಗೆ ಕರೆದುಕೊಂಡು ಹೋದಳು. ಮಾವನಿಗೆ ತಿರುಗಾಟ ಆದ ಹಾಗೆ ಆಗುತ್ತದೆ ಎಂದು. ಬಿಳಿ ಗೋಡೆ, ಗುಂಯ್ ಅನ್ನುವ ಪೆಟ್ಟಿಗೆಗಳು, ಸ್ಪಿರಿಟ್ಟಿನ ವಾಸನೆ. ಸೂಕ್ಷ್ಮದರ್ಶಕದ ಮುಂದೆ ಅವಳನ್ನು ಕೂರಿಸಿ, "ಒಂದು ಕಣ್ಣು ಮುಚ್ಚಿ ನೋಡಿ ಅತ್ತೆ" ಎಂದಳು.

ಮೊದಲನೆಯ ತಟ್ಟೆಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ಪ್ರತಿ ಚುಕ್ಕೆಯಿಂದ ಎಳೆಗಳು ಹೊರಟು ಒಂದನ್ನೊಂದು ಹಿಡಿದುಕೊಂಡಿದ್ದವು. ಎರಡನೆಯದಕ್ಕೆ, ಕಾಯಿಲೆಯವರ ಮೆದುಳಿನಲ್ಲಿ ಕಟ್ಟಿಕೊಳ್ಳುವಂಥ ಕಸವನ್ನು ಹಾಕಿದ್ದರು. ಎಳೆಗಳೆಲ್ಲ ಹರಿದು ಚುಕ್ಕೆಗಳು ಮುದುಡಿಕೊಂಡಿದ್ದವು. ಮೂರನೆಯದಕ್ಕೂ ಅದೇ ಕಸ ಹಾಕಿದ್ದರು, ಜೊತೆಗೆ ಅರಿಶಿನದ ಹಳದಿಯನ್ನು ಬೇರ್ಪಡಿಸಿ ಹಾಕಿದ್ದರು. ಅದರಲ್ಲಿ ಎಳೆಗಳು ಪೂರ್ತಿ ಅಲ್ಲದಿದ್ದರೂ ಬಹುಪಾಲು ಉಳಿದಿದ್ದವು. ನೀಲಿಗೈಯೂ ಬಗ್ಗಿ ನೋಡಿದ. "ಎರಡನೇದು ಹಳೇ ನೂಲು, ಮುಟ್ಟಿದ್ರೆ ತುಂಡಾಗುತ್ತೆ. ಮೂರನೇದು ಪರವಾಗಿಲ್ಲ," ಎಂದ.

ಅವಳು ಪುಟ್ಟಿಯ ಕೈ ಹಿಡಿದುಕೊಂಡಳು. "ಮತ್ತೆ ಇವರಿಗೆ ಯಾಕೆ ಕೊಡ್ತಿಲ್ಲ ಇದನ್ನ? ಅರಿಶಿನ ತಾನೇ? ಮನೆ ತುಂಬ ಬಿದ್ದಿದೆ."

"ಅತ್ತೆ, ತಟ್ಟೆಯಲ್ಲಿ ನಾವು ನೇರವಾಗಿ ಅದರ ತಲೆ ಮೇಲೇ ಸುರೀತೀವಿ. ಬಾಯಿಂದ ತಗೊಂಡ್ರೆ ಹಾಗಾಗಲ್ಲ. ಅರಿಶಿನದ ಆ ಅಂಶ ನೀರಲ್ಲಿ ಸರಿಯಾಗಿ ಕರಗಲ್ಲ. ಹೊಟ್ಟೆಯಿಂದ ರಕ್ತಕ್ಕೆ ಇಳಿಯೋದು ಎಲ್ಲೋ ಒಂಚೂರು. ಮೆದುಳಿಗೆ ಹೋಗೋ ಹೊತ್ತಿಗೆ ಅದೂ ಇರಲ್ಲ. ಮೈಯಲ್ಲಿ ನಿಲ್ಲಲ್ಲ ಅತ್ತೆ, ಹಾಗೇ ತೊಳೆದು ಹೋಗುತ್ತೆ. ಮೆಣಸು ಸೇರಿಸಿದ್ರೆ ರಕ್ತಕ್ಕೆ ಸ್ವಲ್ಪ ಜಾಸ್ತಿ ಇಳಿಯುತ್ತೆ ಅಂತ ಗೊತ್ತು. ಅಷ್ಟರಿಂದ ಕಾಯಿಲೆಗೆ ಏನಾದ್ರೂ ಆಗುತ್ತಾ ಅಂತ ಯಾರಿಗೂ ಗೊತ್ತಿಲ್ಲ."

"ಒಂದೆಲಗ?"

"ಅದರದೂ ಇದೇ ಕಥೆ. ಇಲಿಗಳಲ್ಲಿ ಚೆನ್ನಾಗಿದೆ. ಮನುಷ್ಯರಲ್ಲಿ ಇನ್ನೂ ಖಾತ್ರಿಯಿಲ್ಲ. ಊಟದಲ್ಲಿ ತಿನ್ನೋ ಹಾಗೆ ಹಾಕಿ, ಬೇಡ ಅನ್ನಲ್ಲ. ಏನು ಕೊಟ್ರೂ ನನಗೂ ಹೇಳಿ, ಡಾಕ್ಟರಿಗೂ ಹೇಳಿ. ಗುಳಿಗೆ ಮಾತ್ರ ನಿಲ್ಲಿಸಬೇಡಿ."

ಪುಟ್ಟಿ ಇಷ್ಟು ಮಾತಾಡಿದರೂ ಅವಳ ಕಿವಿಯಲ್ಲಿ ನಿಂತದ್ದು ಒಂದೇ. ನಿಲ್ಲಲ್ಲ, ತೊಳೆದು ಹೋಗುತ್ತೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ. ಬಣ್ಣ ನಿಲ್ಲದಿದ್ದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಷ್ಟು ಓದಿದ ಹುಡುಗಿಗೆ ಕಬ್ಬಿಣದ ಒರಳೇ ಹೊಳೆಯಲಿಲ್ಲ, ಇದು ಹೊಳೆಯುತ್ತದೆಯೇ?

ಮಾರನೆಯ ಬೆಳಿಗ್ಗೆ ಕಷಾಯ ಕುದಿಸಿದಳು. ಬಣ್ಣದ ಕೋಣೆಯ ಮೂಟೆಯಿಂದ ಚೊಕ್ಕಟವಾದ ಒಂದು ಪಟಿಕದ ಹರಳು ಆರಿಸಿ, ತೊಳೆದು, ಕುಟ್ಟಿ ಪುಡಿ ಮಾಡಿ, ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಸಿದಳು. ಕಿರುಬೆರಳಿನ ಉಗುರಿನ ಮೇಲೆ ನಿಲ್ಲುವಷ್ಟು ಲೋಟಕ್ಕೆ ಉದುರಿಸಿದಳು. ಜೇನುತುಪ್ಪ ಒಂದು ಚಮಚ ಜಾಸ್ತಿ ಹಾಕಿದಳು. ಅವನು ಕುಡಿದ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದ. ಲೋಟ ಬೋರಲು ಹಾಕಿದ.

ಪುಟ್ಟಿಗೆ ಹೇಳಲಿಲ್ಲ. ಬಣ್ಣಗಾರರ ಬುದ್ಧಿ ಎಂದು ನಗುತ್ತಾಳೆ ಅಂತ. ಬೇರೆ ಏನಾದರೂ ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದರೆ ಅರಿಶಿನ, ಒಂದೆಲಗ, ಮೆಣಸು, ಜೇನುತುಪ್ಪ ಎಂದಳು. ಸುಳ್ಳೇನೂ ಹೇಳಲಿಲ್ಲ. ಒಂದನ್ನು ಬಿಟ್ಟಳು. ಹೀಗೆ ಎರಡು ವರ್ಷ.

ಗುಣ ಆಯಿತೇ? ಕೆಲವು ದಿನ ಆದ ಹಾಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅವಳನ್ನು ಹೆಸರು ಹಿಡಿದು ಕರೆದ. ಇಡೀ ಮದುವೆಯಲ್ಲಿ ಹೆಸರು ಹಿಡಿದು ಕರೆದವನಲ್ಲ, 'ಇವಳೇ' ಎನ್ನುತ್ತಿದ್ದ. ಅದನ್ನು ಗುಣ ಎನ್ನಬೇಕೋ ಮರೆವು ಎನ್ನಬೇಕೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಮತ್ತೆ ಇಳಿದ. ಇಳಿಯುತ್ತಲೇ ಹೋದ.

ಅವನು ಹೋಗಿ ಎರಡು ತಿಂಗಳಾಗಿತ್ತು. ಎದುರು ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ, ಬಾಗಿಲಲ್ಲಿ ನಿಂತು ಪೇಪರು ಓದುತ್ತಿದ್ದ. ನೀಲಿಗೈಗೆ ಅವನೇ ಖಾಯಂ ಗಡ್ಡ ಹೆರೆಯುತ್ತಿದ್ದವನು. ಅವನಿಗೆ ನೀಲಿಗೈ ಅಣ್ಣ, ಇವಳು ಅತ್ತಿಗೆ.

"ಅತ್ತಿಗೆ, ಕೇಳಿದ್ರಾ? ಅಲ್ಯುಮಿನಿಯಂ ಪಾತ್ರೇಲಿ ಅಡುಗೆ ಮಾಡಿದ್ರೆ ಮರೆವಿನ ಕಾಯಿಲೆ ಬರುತ್ತೆ ಅಂತ ಮೊದಲು ಅನುಮಾನ ಇತ್ತಂತೆ. ಪಟಿಕದಲ್ಲೂ ಅದೇ ಇರೋದಂತೆ!"

"ಏನು ಇರೋದಂತೆ?"

"ಅಲ್ಯುಮಿನಿಯಂ. ನಾನು ಊರಿನವರ ಕೆನ್ನೆಗೆಲ್ಲ ಉಜ್ಜಿದೀನಲ್ಲ, ಅದಕ್ಕೇ ಯಾರೂ ನನ್ನ ಬಾಕಿ ನೆನಪಿಟ್ಟುಕೊಂಡಿಲ್ಲ!"

ನೊರೆಯ ಗಿರಾಕಿ ನಕ್ಕ. ಅವಳು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಬಣ್ಣದ ಕೋಣೆಯ ಒದ್ದೆ ಸಿಮೆಂಟಿನ ಮೇಲೆ ಹಾಗೇ ಕೂತಳು. ಎದುರಿಗೆ ಪಟಿಕದ ಮೂಟೆ.

ಕಾಯಿಲೆಗೆ ಯಾವುದು ಕಾರಣವಿರಬಹುದು ಅನ್ನುತ್ತಾರೋ ಅದನ್ನೇ ಅವಳು ದಿನಾ ಬೆಳಿಗ್ಗೆ ಜೇನುತುಪ್ಪ ಕಲಸಿ ಗಂಡನಿಗೆ ಕುಡಿಸಿದ್ದಳು. ಎರಡು ವರ್ಷ. ತಳ ಕಾಣುವ ತನಕ.

ಅಂದಿನಿಂದ ಅವಳು ಪಟಿಕ ಮುಟ್ಟಲಿಲ್ಲ. ಕೆಂಪು, ಹಳದಿ, ಹಸಿರು ಕೇಳಿಕೊಂಡು ಬಂದವರನ್ನು ಆಗುವುದಿಲ್ಲ ಎಂದು ಕಳಿಸಿದಳು. ನೀಲಿ ಒಂದನ್ನೇ ಮಾಡಿದಳು, ಅದರ ಹದ ವಾಸನೆಯಲ್ಲೇ ತಿಳಿಯುತ್ತಿತ್ತು. ಹೇಗಿದ್ದರೂ ಪಟಿಕದ ಹದ ನೋಡುವ ನಾಲಿಗೆಯೂ ಇರಲಿಲ್ಲ. ಜನ, ಪಾಪ, ದುಃಖದಲ್ಲಿದ್ದಾಳೆ ಎಂದುಕೊಂಡರು. ದುಃಖ ಬೇರೆ, ಇದು ಬೇರೆ. ದುಃಖವನ್ನಾದರೆ ಯಾರ ಮುಂದಾದರೂ ಹೇಳಿಕೊಳ್ಳಬಹುದು. ಇದು ಗಂಟಲಿಗೆ ಸಿಕ್ಕ ಮುಳ್ಳು, ನುಂಗಲೂ ಆಗದು, ಉಗಿಯಲೂ ಆಗದು. ಪುಟ್ಟಿ ಫೋನು ಮಾಡಿದರೆ ಚೆನ್ನಾಗಿದ್ದೀನಿ ಎಂದು ಇಡುತ್ತಿದ್ದಳು.

ನಾಲ್ಕು ತಿಂಗಳು ಹಾಗೆ ಹೋಯಿತು. ಒಂದು ಭಾನುವಾರ ಪುಟ್ಟಿಯೇ ಬಂದಳು. ಬಂದವಳು ಹಗ್ಗದ ಮೇಲೆ ಬರೀ ನೀಲಿ ನೂಲು ಕಂಡಳು. ಮೂಟೆಯ ಬಾಯಿ ಕಟ್ಟಿ ಮೂಲೆಗೆ ತಳ್ಳಿದ್ದು ಕಂಡಳು.

"ಅತ್ತೆ, ಏನಾಗಿದೆ ನಿಮಗೆ? ನನ್ನ ಮುಖ ನೋಡಿ ಮಾತಾಡಿ ಎಷ್ಟು ದಿನ ಆಯ್ತು?"

"ಏನಿಲ್ಲ ಕಣೇ."

"ಏನಿಲ್ಲ ಅಂದ್ರೆ ಇಲ್ಲೇ ಕೂತ್ಕೋತೀನಿ. ನಾಳೆ ಕೆಲಸಕ್ಕೂ ಹೋಗಲ್ಲ."

ಹೋಗಲ್ಲ ಎಂದರೆ ಹೋಗದವಳೇ. ಮಾವನ ಹಟವೇ ಅದು. ಅವಳು ಎದ್ದು ಹೋಗಿ ಆ ಸಣ್ಣ ಡಬ್ಬಿ ತಂದು ಪುಟ್ಟಿಯ ಮುಂದೆ ಇಟ್ಟಳು. ಎಲ್ಲ ಹೇಳಿದಳು. ಬಸ್ಸಿನಲ್ಲಿ ಯೋಚಿಸಿದ್ದು, ಕುಟ್ಟಿದ್ದು, ಡಾಕ್ಟರಿಗೆ ಹೇಳದೆ ಬಿಟ್ಟದ್ದು. ಅಳಲಿಲ್ಲ. ಅಂಗಡಿಗೆ ಹೋಗಿ ಬಂದ ಸುದ್ದಿ ಹೇಳುವ ಹಾಗೆ ಹೇಳಿದಳು.

"ನಾನೇ ಕೊಂದೆನಾ ಪುಟ್ಟಿ? ನೀನು ಓದಿದವಳು. ನನ್ನ ಸಮಾಧಾನಕ್ಕೆ ಅಂತ ಹೇಳಬೇಡ. ಇದ್ದದ್ದು ಹೇಳು."

ಪುಟ್ಟಿ ಡಬ್ಬಿಯ ಮುಚ್ಚಳ ತೆಗೆದಳು. ಖಾಲಿ ಇತ್ತು. "ಎಷ್ಟು ಹಾಕ್ತಿದ್ರಿ?"

ಅವಳು ಕಿರುಬೆರಳ ಉಗುರು ತೋರಿಸಿದಳು.

ಪುಟ್ಟಿ ಆ ಉಗುರನ್ನು ನೋಡಿದಳು. ಆಮೇಲೆ ಹೇಳಿದಳು. "ಹಾಕಬಾರದಿತ್ತು ಅತ್ತೆ. ಅದು ಮೊದಲನೇದು. ನನ್ನನ್ನ ಕೇಳಿದ್ರೆ ಬೇಡ ಅಂತಿದ್ದೆ. ಬಟ್ಟೆಗೆ ಬಣ್ಣ ಕಚ್ಚೋದೇ ಬೇರೆ, ಮೈಗೆ ಮದ್ದು ಹತ್ತೋದೇ ಬೇರೆ. ಪಟಿಕದಿಂದ ಅರಿಶಿನ ಮೆದುಳಲ್ಲಿ ನಿಲ್ಲಲ್ಲ."

"ಹೂಂ."

"ಎರಡನೇದು. ಮಾವನಿಗೆ ಮರೆವು ಶುರುವಾಗಿ ಎರಡು ವರ್ಷ ಆದ ಮೇಲೆ ನೀವು ಹಾಕಿದ್ದು. ಮೊದಲೇ ಬಂದ ಕಾಯಿಲೆಗೆ ಆಮೇಲೆ ಹಾಕಿದ್ದು ಕಾರಣ ಆಗಲ್ಲ. ಅಲ್ಯುಮಿನಿಯಂ ಮಾತು ಹಳೇ ಅನುಮಾನ. ಎಷ್ಟೋ ಜನ ಎಷ್ಟೋ ವರ್ಷ ಹುಡುಕಿದ್ರೂ ಅದೇ ಕಾರಣ ಅಂತ ತೋರಿಸಕ್ಕೆ ಆಗಿಲ್ಲ. ಕೆಲವು ಕಡೆ ಕುಡಿಯೋ ನೀರು ತಿಳಿ ಮಾಡಕ್ಕೂ ಪಟಿಕಾನೇ ಹಾಕೋದು."

"ಬೇಗ ಇಳಿಯೋ ಹಾಗೆ ಮಾಡಿರಬಹುದಾ?"

"ನನಗೆ ಹಾಗನ್ನಿಸಲ್ಲ. ಖಂಡಿತ ಇಲ್ಲ ಅಂತ ಆಣೆ ಮಾಡು ಅಂದ್ರೆ, ಆಣೆ ಮಾಡಕ್ಕೆ ಆಗಲ್ಲ. ಯಾರಿಂದಲೂ ಆಗಲ್ಲ. ನನ್ನ ತಟ್ಟೆ ನೋಡಿ ನೀವು ಆಸೆಪಟ್ಟಿರಿ. ತೋರಿಸಿದ್ದು ನಾನು. ಆ ತಪ್ಪಲ್ಲಿ ನನಗೂ ಪಾಲು ಕೊಡಿ."

ಅವಳು ಪಾಲು ಕೊಡಲಿಲ್ಲ. ಪುಟ್ಟಿ ಡಬ್ಬಿಯ ತಳಕ್ಕೆ ಬೆರಳು ಒತ್ತಿ, ಅಂಟಿದ ಪುಡಿಯನ್ನು ನಾಲಿಗೆಗೆ ಇಟ್ಟುಕೊಂಡಳು. ಮುಖ ಹುಳ್ಳಗೆ ಮಾಡಿಕೊಂಡಳು.

"ಥೂ! ಎಂಥ ಒಗರು! ಅತ್ತೆ, ಮಾವ ಏನೂ ಅನ್ನಲಿಲ್ವಾ?"

"ಜೇನುತುಪ್ಪ ಜಾಸ್ತಿ ಹಾಕ್ತಿದ್ದೆ. ಗೊತ್ತಾಗ್ತಿರಲಿಲ್ಲ."

"ಮಾವನಿಗಾ?" ಎಂದಳು ಪುಟ್ಟಿ.

ಪುಟ್ಟಿ ಹೋದ ಮಾರನೆಯ ಬೆಳಿಗ್ಗೆ ಅವಳು ಕಷಾಯ ಕುದಿಸಿದಳು. ಆರು ತಿಂಗಳ ಮೇಲೆ. ಅರಿಶಿನ, ಮೆಣಸು, ಒಡಕು ಬಾನಿಯಲ್ಲಿ ಬೆಳೆದ ಒಂದೆಲಗ. ಮೂಟೆಯ ಕಟ್ಟು ಬಿಚ್ಚಿ ಒಂದು ಹರಳು ತೆಗೆದು ಕುಟ್ಟಿದಳು. ಲೋಟಕ್ಕೆ ಉಗುರಿನಷ್ಟು ಹಾಕಿ, ಒಂದು ಚಮಚ ಜಾಸ್ತಿ ಜೇನುತುಪ್ಪ ಹಾಕಿ, ಅವನು ಕೂರುತ್ತಿದ್ದ ಮಣೆಯ ಮೇಲೆ ಕೂತು ಕುಡಿದಳು.

ಮೊದಲ ಗುಟುಕಿಗೇ ಒಗರು. ಜೇನುತುಪ್ಪ ಎಲ್ಲಿ ಹೋಯಿತೋ. ಕೆನ್ನೆಗಳು ಒಳಗೆ ಎಳೆದುಕೊಂಡವು, ನಾಲಿಗೆ ತಾನಾಗಿಯೇ ಹೋಗಿ ಅಂಗುಳಕ್ಕೆ ಅಂಟಿತು. ಪಟಿಕ ರುಚಿ ನೋಡಿಯೇ ಗೊತ್ತಿಲ್ಲದ ಅವಳಿಗೇ ಹೀಗೆ. ಐವತ್ತು ವರ್ಷ ದಿನಾ ಅದನ್ನೇ ನಾಲಿಗೆಗೆ ಇಟ್ಟುಕೊಂಡವನಿಗೆ? ಹಂಡೆ ನೀರಿಗೆ ಒಂದು ಹಿಡಿ ಹೆಚ್ಚು ಕಡಿಮೆ ಬಿದ್ದರೆ ಹೇಳುತ್ತಿದ್ದವನಿಗೆ?

ಗೊತ್ತಿತ್ತು ಅವನಿಗೆ. ಮೊದಲ ದಿನದಿಂದ ಗೊತ್ತಿತ್ತು.

ಲೋಟ ತೊಳೆದು ಇನ್ನೊಂದು ಸಲ ಬಗ್ಗಿಸಿಕೊಂಡಳು. ಈ ಸಲ ಪಟಿಕ ಹಾಕಲಿಲ್ಲ. ಕುಡಿದಳು. ಸಿಹಿ, ಖಾರ, ಎಲೆಯ ಕಹಿ. ಎಲ್ಲೂ ನಿಲ್ಲದೆ ಗಂಟಲಲ್ಲಿ ಜಾರಿ ಹೋಯಿತು. ಆಗ ಆ ಕೊನೆಯ ಬೆಳಿಗ್ಗೆ ಕಣ್ಣ ಮುಂದೆ ಬಂತು. ಆ ದಿನ ಡಬ್ಬಿ ಖಾಲಿಯಾಗಿತ್ತು. ಕುಟ್ಟಲು ಬೇಜಾರು. ಒಂದು ದಿನಕ್ಕೆ ಏನಾಗುತ್ತದೆ, ನಾಳೆ ಕುಟ್ಟಿದರಾಯಿತು ಎಂದುಕೊಂಡು ಹಾಗೇ ಕೊಟ್ಟಿದ್ದಳು. ಇಷ್ಟು ದಿನ ಅವಳಿಗೆ ಅದು ನೆನಪಾಗಿರಲಿಲ್ಲ. ತಾನು ಆಡಿದ ಮಾತೊಂದೇ ನೆನಪಿತ್ತು.

ಇದು ಹಿಡಿಯಲ್ಲ ಅಂದಿದ್ದ ಅವನು. ಒಂದು ಸಲ ಒಗೆದರೆ ಹೋಗುತ್ತೆ ಅಂದಿದ್ದ. ಅರ್ಧ ಲೋಟ ಬಿಟ್ಟಿದ್ದ. ಅದು ಹತ್ತು ಮಾತಿನಲ್ಲಿ ಒಂದು ಆಗಿರಲಿಲ್ಲ. ಹದ ತಪ್ಪಿದ್ದನ್ನು ಅವನು ಸರಿಯಾಗಿಯೇ ಹೇಳಿದ್ದ, ಸರಿಯಾಗಿಯೇ ಬೈದಿದ್ದ. ಅವಳು ಅವನ ಹೆಸರು ಎತ್ತಿದ್ದಳು.

ಅವನು ಯಾಕೆ ಕುಡಿಯುತ್ತಿದ್ದ? ಅದನ್ನು ಅವಳು ಮಣೆಯ ಮೇಲೆ ಕೂತು ತುಂಬ ಹೊತ್ತು ಯೋಚಿಸಿದಳು. ಹೆಂಡತಿ ಏನೋ ಹುಚ್ಚು ಮಾಡುತ್ತಿದ್ದಾಳೆ, ಮಾಡಿಕೊಳ್ಳಲಿ ಎಂದೇ? ಅಷ್ಟು ಯೋಚನೆ ಮಾಡುವ ಶಕ್ತಿ ಅವನಲ್ಲಿ ಉಳಿದಿತ್ತೋ ಇಲ್ಲವೋ. ಇಲ್ಲ, ಎಲ್ಲ ಮರೆತು ಎದ್ದ ಬೆಳಿಗ್ಗೆ, ಇದು ಯಾರ ಮನೆ, ಈ ಮುದುಕಿ ಯಾರು ಎಂದು ತಿಳಿಯದೆ ಕೂತಾಗ, ಆ ಒಗರು ನಾಲಿಗೆಗೆ ತಗುಲಿ, ಓ, ಕೆಲಸ ಶುರುವಾಯಿತು ಅನ್ನಿಸುತ್ತಿತ್ತೇ? ಹಾಗಿದ್ದರೆ ಅವಳು ಕೊಟ್ಟದ್ದರಲ್ಲಿ ಅರಿಶಿನ, ಒಂದೆಲಗ ಏನು ಮಾಡಿದವೋ ಗೊತ್ತಿಲ್ಲ, ಆ ಪಟಿಕ ಮಾತ್ರ ದಿನಾ ಎರಡು ಗಳಿಗೆ ಅವನನ್ನು ಅವನ ಕೋಣೆಗೆ ತಂದು ಕೂರಿಸುತ್ತಿತ್ತು. ಇರಬಹುದು. ಇಲ್ಲದೆಯೂ ಇರಬಹುದು. ಪುಟ್ಟಿ ಆಣೆ ಮಾಡಲಾರದ್ದಕ್ಕೆ ಇವಳೂ ಮಾಡಲಾರಳು.

ಆದರೆ ಮೋಸದಿಂದ ಕುಡಿಸಿದೆ ಎನ್ನುವುದು ಹೋಯಿತು. ನಲವತ್ತನಾಲ್ಕು ವರ್ಷದಲ್ಲಿ ಆ ಮನುಷ್ಯನಿಗೆ ಪಟಿಕದ ವಿಷಯದಲ್ಲಿ ಯಾರೂ ಮೋಸ ಮಾಡಲು ಆಗಿರಲಿಲ್ಲ. ಅವಳಿಂದಲೂ ಆಗಲಿಲ್ಲ. ಮುಳ್ಳು ಪೂರ್ತಿ ಹೋಗಲಿಲ್ಲ. ಉಗುಳು ನುಂಗುವಷ್ಟು ಸಡಿಲವಾಯಿತು.

ಆ ವಾರವೇ ಪರದೆಯವರು ಹಳದಿ ಬೇಕೆಂದು ಬಂದರು. ಇಟ್ಟು ಹೋಗಿ ಎಂದಳು. ಎದುರು ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು, "ಅತ್ತಿಗೆ, ಹದ ನೋಡೋರು ಯಾರೀಗ? ನನ್ನ ನಾಲಿಗೆ ಬಾಡಿಗೆಗೆ ಕೊಡ್ಲಾ?" ಎಂದ.

"ನಿನ್ನ ನಾಲಿಗೆ ಆಡೋದಕ್ಕೇ ಸಾಲಲ್ಲ, ನಿನ್ನ ಹತ್ರಾನೇ ಇಟ್ಕೋ," ಎಂದಳು.

ಈಗ ದಿನಾ ಬೆಳಿಗ್ಗೆ ಎದ್ದು ಮುಖ ತೊಳೆದು, ಬಾಯಿಗೆ ಏನೂ ಹಾಕಿಕೊಳ್ಳುವ ಮೊದಲು ಹಿತ್ತಿಲಿಗೆ ಹೋಗುತ್ತಾಳೆ. ನೀಲಿಯ ಗುಡಾಣದ ಮುಚ್ಚಳ ತೆಗೆದು ಮೆಲ್ಲಗೆ ಒಂದು ಸುತ್ತು ತಿರುಗಿಸುತ್ತಾಳೆ. ಆಮೇಲೆ ಪಟಿಕದ ಹಂಡೆ. ನೀರು ಉಗುರು ಬೆಚ್ಚಗಾದ ಮೇಲೆ ಬೆರಳು ಅದ್ದಿ ನಾಲಿಗೆಯ ತುದಿಗೆ ಇಟ್ಟುಕೊಳ್ಳುತ್ತಾಳೆ. ಅಂಗುಳಕ್ಕೆ ಒತ್ತುತ್ತಾಳೆ. ಕಣ್ಣು ಮುಚ್ಚುತ್ತಾಳೆ. ಮೋರಿಗೆ ಉಗಿಯುತ್ತಾಳೆ. ಮೊದಮೊದಲು ತಪ್ಪುತ್ತಿತ್ತು, ಎರಡು ಥಾನು ಹಳದಿ ಕೆಟ್ಟವು. ಈಗ ತಪ್ಪುವುದು ಕಡಿಮೆ.

ಇವತ್ತು ಸ್ವಲ್ಪ ಕಡಿಮೆಯಿತ್ತು. ಇನ್ನೊಂದು ಹಿಡಿ ಹಾಕಿದಳು.